ಥೆರಪಿ ಒಂದು ಗಂಟೆ ಅಂದ್ರೆ ಏನೇನು?

ಕೇಳುಗರೆಲ್ಲರಿಗೂ ನಮಸ್ಕಾರ. ಬೆನ್ನುಹುರಿಗೆ ಪೆಟ್ಟಾದವರ ಫೈಲ್ ತೆಗೆದು ನೋಡಿದ್ರೆ ಆಪರೇಷನ್ ವಿವರ ಎಲ್ಲಾ ಇರುತ್ತೆ, ಯಾವ ಮೂಳೆ, ಎಷ್ಟು ಸ್ಕ್ರೂ, ಯಾವ ಮಾತ್ರೆ ಯಾವ ಹೊತ್ತಿಗೆ ಅಂತ. ಆಮೇಲೆ ತಿಂಗಳುಗಟ್ಟಲೆ ನಡೆಯೋ ರಿಹ್ಯಾಬ್‌ಗೆ, ಅಂದ್ರೆ ದಿನದ ಕೆಲಸ ಮತ್ತೆ ಮಾಡ್ಕೊಳ್ಳೋಕೆ ಕಲಿಸೋ ಚಿಕಿತ್ಸೆಗೆ, ಮಾತ್ರ ಎಷ್ಟೋ ಸಲ ಒಂದೇ ಸಾಲು: ಫಿಸಿಯೋ ಒಂದು ಗಂಟೆ. ಆ ಗಂಟೇಲಿ ಮಗ್ಗುಲು ಬದಲಿಸೋದು ಕಲಿಸಿದ್ರಾ, ಹಾಸಿಗೆಯಿಂದ ವೀಲ್‌ಚೇರ್‌ಗೆ ಜರುಗೋದು ಕಲಿಸಿದ್ರಾ, ಇಲ್ಲಾ ಮಲಗಿದ್ದವರ ಕಾಲು ಮಡಿಸಿ ಬಿಡಿಸಿ ಮುಗಿಸಿದ್ರಾ? ಮೂರನ್ನೂ ಫಿಸಿಯೋ ಅಂತಾನೇ ಬರೀತಾರೆ.

ಇದಕ್ಕೆಲ್ಲ ಸರಿಯಾಗಿ ಹೆಸರಿಡೋ ಕೆಲಸವನ್ನ ಅಮೆರಿಕಾದ ಆರು ರಿಹ್ಯಾಬ್ ಸೆಂಟರ್‌ಗಳು ಸೇರಿ ಮಾಡಿದ್ವು, ಎಸ್‌ಸಿಐ ರಿಹ್ಯಾಬ್ ಅನ್ನೋ ಅಧ್ಯಯನ (ಎಸ್‌ಸಿಐ ಅಂದ್ರೆ ಬೆನ್ನುಹುರಿಯ ಪೆಟ್ಟು), 2007ರಲ್ಲಿ ರೋಗಿಗಳನ್ನ ಸೇರಿಸ್ಕೊಳ್ಳೋಕೆ ಶುರು ಮಾಡಿ ಒಟ್ಟು 1,376 ಜನರ ಲೆಕ್ಕ ಇಟ್ರು. ಫಿಸಿಯೋದವರು, ಊಟ, ಸ್ನಾನ, ಬಟ್ಟೆ ಹಾಕೋದು ಥರದ ದಿನದ ಕೆಲಸ ಕಲಿಸೋ ಆಕ್ಯುಪೇಷನಲ್ ಥೆರಪಿಯವರು, ನರ್ಸ್‌ಗಳು, ಸೈಕಾಲಜಿಸ್ಟ್‌ಗಳು, ಸೋಶಿಯಲ್ ವರ್ಕರ್‌ಗಳು ಎಲ್ಲಾ ತಮ್ಮ ತಮ್ಮ ಕೆಲಸದ ಪಟ್ಟಿ ತಾವೇ ಮಾಡ್ಕೊಂಡು, ಯಾವ ಕೆಲಸ ಎಷ್ಟು ನಿಮಿಷ ಅಂತ ಬರೆದಿಟ್ರು. ಕೆಲಸ ಮಾಡೋರೇ ಪಟ್ಟಿ ಮಾಡಿದ್ದು ನಂಗೆ ತುಂಬಾ ಸರಿ ಅನ್ಸುತ್ತೆ.

ಆದ್ರೆ ಯಾರು ಮಾಡಿದ್ರು ಅಂತ ಮಾತ್ರ ವಿಂಗಡಿಸಿದ್ರೆ ಸಾಲಲ್ಲ, ಯಾಕಂದ್ರೆ ಜರುಗೋದನ್ನ ಫಿಸಿಯೋದವರೂ ಕಲಿಸ್ತಾರೆ ಆಕ್ಯುಪೇಷನಲ್ ಥೆರಪಿಯವರೂ ಕಲಿಸ್ತಾರೆ. ಯಾತಕ್ಕೆ ಮಾಡಿದ್ರು ಅನ್ನೋದೂ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಒಪ್ಪಿದ ಐಸಿಎಫ್ ಅನ್ನೋ ವರ್ಗೀಕರಣ ಇಲ್ಲಿ ಸಹಾಯಕ್ಕೆ ಬರುತ್ತೆ, ದೇಹದ ಕೆಲಸ ಒಂದು, ಆ ವ್ಯಕ್ತಿ ದಿನನಿತ್ಯ ಏನು ಮಾಡ್ತಾರೆ ಅನ್ನೋದು ಇನ್ನೊಂದು, ಸುತ್ತಲಿನ ಪರಿಸರ ಮತ್ತೊಂದು.

ಕೈ ವಿಷಯಾನೇ ತಗೊಳ್ಳಿ. ಕುತ್ತಿಗೆಯ ಸಿ6 ಮಟ್ಟದಲ್ಲಿ, ಅಂದ್ರೆ ಕುತ್ತಿಗೆ ಭಾಗದ ಬೆನ್ನುಹುರಿಯ ಆರನೇ ಮಟ್ಟದಲ್ಲಿ, ಪೂರ್ತಿ ಪೆಟ್ಟಾದವರಿಗೆ ಮಣಿಕಟ್ಟು ಮೇಲೆತ್ತೋಕೆ ಆಗುತ್ತೆ, ಬೆರಳು ಆಡಲ್ಲ. ಆದ್ರೆ ಮಣಿಕಟ್ಟು ಎತ್ತಿದಾಗ ಬೆರಳು ತಾನಾಗೇ ಮಡಿಸ್ಕೊಂಡು ಹೆಬ್ಬೆರಳು ತೋರುಬೆರಳಿಗೆ ತಾಗುತ್ತೆ, ಆ ಹಿಡಿತದಲ್ಲಿ ಚಮಚ ಹಿಡೀಬಹುದು, ಪೆನ್ ಹಿಡೀಬಹುದು. ಅದು ಉಳೀಬೇಕು ಅಂದ್ರೆ ಬೆರಳಿನ ಸ್ನಾಯುರಜ್ಜು, ಅಂದ್ರೆ ಸ್ನಾಯುವನ್ನ ಮೂಳೆಗೆ ಕಟ್ಟೋ ದಾರದಂಥದ್ದು, ಸ್ವಲ್ಪ ಬಿಗಿಯಾಗೇ ಇರ್ಬೇಕು. ಫೈಲಲ್ಲಿ ಬರೀ ಕೈ ವ್ಯಾಯಾಮ ಅಂತಿದ್ರೆ, ಮಾರನೇ ದಿನ ಬಂದ ಬೇರೆಯವರು ಮಣಿಕಟ್ಟನ್ನೂ ಬೆರಳನ್ನೂ ಒಟ್ಟಿಗೆ ಹಿಂದಕ್ಕೆ ಚಾಚಿಸಿಬಿಡ್ತಾರೆ, ಹೀಗೇ ದಿನಾ ಮಾಡಿದ್ರೆ ಆ ಹಿಡಿತಾನೇ ಸಡಿಲ ಆಗಿಬಿಡುತ್ತೆ.

ಇನ್ನು ಮನೆಯವರಿಗೆ ಕಲಿಸೋ ಕೆಲಸ, ಇದು ಲೆಕ್ಕಕ್ಕೇ ಬರದೆ ಹೋಗೋದು ನೋಡಿದ್ರೆ ನಂಗೆ ಸಂಕಟ ಆಗುತ್ತೆ. ಅದನ್ನೂ ಒಂದು ಸೇವೆ ಅಂತ ಹೆಸರಿಟ್ಟು, ನಿಮಿಷ ಹಾಕಿ ಬರೀಬೇಕು. ಟಿ6 ಮಟ್ಟ, ಅಂದ್ರೆ ಎದೆ ಭಾಗದ ಬೆನ್ನುಹುರಿಯ ಆರನೇ ಮಟ್ಟ, ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಮೂತ್ರಕೋಶ ತುಂಬಿದ್ರೂ ಸಾಕು, ಬಿಪಿ ಒಮ್ಮೆಲೇ ಏರಿಬಿಡಬಹುದು, ತಲೆ ಸಿಡಿಯೋ ಹಾಗೆ ನೋವು, ಮುಖ ಕೆಂಪು, ಬೆವರು. ಆಗ ಪಕ್ಕದಲ್ಲಿರೋದು ಡಾಕ್ಟ್ರಲ್ಲ, ಅಮ್ಮನೋ ಹೆಂಡ್ತಿನೋ ಇರ್ತಾರೆ. ಮಲಗಿಸಬಾರದು, ನೆಟ್ಟಗೆ ಕೂರಿಸಬೇಕು, ಬಿಗಿ ಬಟ್ಟೆ ಸಡಿಲಿಸಬೇಕು, ಮೂತ್ರ ಹೋಗೋಕೆ ಹಾಕಿರೋ ಕ್ಯಾಥೆಟರ್ ಟ್ಯೂಬ್ ಎಲ್ಲಾದ್ರೂ ಮಡಿಸ್ಕೊಂಡಿದ್ಯಾ ನೋಡ್ಬೇಕು, ಟ್ಯೂಬ್ ಇಲ್ದಿದ್ರೆ ಮೂತ್ರ ತೆಗೀಬೇಕು, ಅಷ್ಟಾದ್ರೂ ಇಳೀಲಿಲ್ಲ ಅಂದ್ರೆ ತಡ ಮಾಡದೆ ಆಸ್ಪತ್ರೆ. ಡಿಸ್ಚಾರ್ಜ್‌ಗೆ ಮುಂಚೆ ಇದನ್ನ ಯಾರು, ಯಾವತ್ತು, ಮನೆಯಲ್ಲಿ ಯಾರಿಗೆ ಕಲಿಸಿದ್ರು ಅಂತ ಫೈಲಲ್ಲಿ ಬರೆದಿದ್ಯಾ, ಕೇಳಿ ನೋಡಿ. ನಮಸ್ಕಾರ.