ಬಿಡುವಿನಲ್ಲಿರುವ ಜಾಗಗಳು

ಮಿತ್ರರೇ,

ದಸರಾ ವಸ್ತುಪ್ರದರ್ಶನ ಮುಗಿದು ಮಳಿಗೆಗಳು ಖಾಲಿಯಾದ ಮೇಲೆ ದೊಡ್ಡಕೆರೆ ಮೈದಾನದ ಆವರಣ ಹೇಗಿರುತ್ತದೆ ಎಂದು ಮೈಸೂರಿನವರಿಗೆ ವಿವರಿಸಬೇಕಾಗಿಲ್ಲ. ನೋಡುವುದಕ್ಕೆ ಅಲ್ಲಿ ಏನೂ ಉಳಿದಿರುವುದಿಲ್ಲ. ಆದರೂ ಗೇಟಿನ ಬಳಿ ಕಾಲು ತಡೆಯುತ್ತದೆ. ಬೇಸಿಗೆ ರಜೆಯಲ್ಲಿ ಮಾನಸಗಂಗೋತ್ರಿಯ ಮೊಗಸಾಲೆಗಳಲ್ಲಿ ನಡೆದವರಿಗೂ, ರಾತ್ರಿಯ ಕೊನೆಯ ಬಸ್ ಹೊರಟ ಮೇಲೆ ನಿಲ್ದಾಣದಲ್ಲಿ ಉಳಿದವರಿಗೂ ಇದೇ ಅನುಭವ ಆಗಿರುತ್ತದೆ. ಅಂತರ್ಜಾಲದ ಇಂದಿನ ತಲೆಮಾರು ಇಂಥವನ್ನು ಲಿಮಿನಲ್ ಜಾಗಗಳು, ಅಂದರೆ ಹೊಸ್ತಿಲಿನಂತೆ ನಡುವೆ ನಿಂತ ಜಾಗಗಳು ಎಂದು ಕರೆಯುತ್ತದೆ. ಅವುಗಳ ಚಿತ್ರಗಳನ್ನು ಲಕ್ಷಾಂತರ ಜನ ಹುಡುಕಿ ಹುಡುಕಿ ನೋಡುತ್ತಾರೆ. ಖಾಲಿ ಜಾಗದಲ್ಲಿ ಅಂಥ ಸೆಳೆತ ಏನಿದೆ?

ಈ ಚಿತ್ರಗಳ ಪೈಕಿ ಅತ್ಯಂತ ಹೆಸರಾದದ್ದು ಒಂದು ಹಳದಿ ಕೋಣೆ. ಹಳದಿ ಗೋಡೆ ಕಾಗದ, ಟ್ಯೂಬ್‌ಲೈಟಿನ ಬೆಳಕು, ಒಂದರೊಳಗೊಂದು ತೆರೆದುಕೊಳ್ಳುವ ಕೋಣೆಗಳು. ಒಂದು ನರಪಿಳ್ಳೆಯೂ ಇಲ್ಲ. 2019ರಲ್ಲಿ ಅದರ ಸುತ್ತ ಒಂದು ಭಯಾನಕ ಕಥೆ ಹುಟ್ಟಿಕೊಂಡಿತು. ಲೋಕದ ಗೋಡೆಯ ಹಿಂದೆ ಜಾರಿಬಿದ್ದವರು ಹೊರಬರಲಾಗದೆ ಅಲೆಯುವ ತಾಣ ಅದು ಎಂದು. ಆ ಕೋಣೆ ನಿಜವಾಗಿ ಎಲ್ಲಿತ್ತು ಎಂಬುದು 2024ರಲ್ಲಿ ಪತ್ತೆಯಾಯಿತು: ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಆಷ್‌ಕಾಷ್ ಎಂಬ ಊರಿನಲ್ಲಿ. ಹಿಂದೆ ಪೀಠೋಪಕರಣಗಳ ಅಂಗಡಿಯಾಗಿದ್ದ ಕಟ್ಟಡ ಅದು. ಅದನ್ನು ಆಟಿಕೆ ಕಾರುಗಳ ಓಟದ ಟ್ರ್ಯಾಕ್ ಇರುವ ಅಂಗಡಿಯಾಗಿ ಬದಲಿಸುತ್ತಿದ್ದಾಗ, 2002ರಲ್ಲಿ ಯಾರೋ ಕ್ಲಿಕ್ಕಿಸಿದ ಚಿತ್ರ. ಇದು ತಿಳಿದಾಗ ಕೆಲವರಿಗೆ ನಿರಾಸೆಯಾಯಿತು. ನನಗಂತೂ ಆ ಚಿತ್ರ ಇನ್ನಷ್ಟು ಪ್ರಿಯವಾಯಿತು. ಹಳೆಯ ವ್ಯಾಪಾರ ಮುಗಿದಿದೆ, ಹೊಸ ವ್ಯಾಪಾರ ಶುರುವಾಗಿಲ್ಲ. ಆ ಕೋಣೆಗೆ ಅಂದು ಯಾವ ಕೆಲಸವೂ ಇರಲಿಲ್ಲ.

ನನ್ನ ಮಾತೆಲ್ಲ ಇರುವುದು ಇದರ ಸುತ್ತಲೇ. ಕಾರ್ಡಿಫ್ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಡೀಲ್ ಮತ್ತು ಮೈಕೆಲ್ ಲೂಯಿಸ್ 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪರಿಚಿತ ಜಾಗದ ವಿನ್ಯಾಸ ವಾಡಿಕೆಯಿಂದ ತಪ್ಪಿದಾಗ ನಮಗೆ ಅಳುಕು ಹುಟ್ಟುತ್ತದೆ. ಒಪ್ಪೋಣ. ಆದರೆ ಅಳುಕಿಸುವ ಜಾಗದಿಂದ ಓಡಿಹೋಗಬೇಕಲ್ಲವೇ? ನಾವು ಓಡುವುದಿಲ್ಲ, ನಿಲ್ಲುತ್ತೇವೆ. ಏಕೆಂದರೆ ಪ್ರತಿ ಜಾಗವೂ ನಮ್ಮಿಂದ ಏನನ್ನೋ ಕೇಳುತ್ತದೆ. ಅಂಗಡಿ ಕೊಳ್ಳು ಎನ್ನುತ್ತದೆ, ತರಗತಿ ಕಲಿ ಎನ್ನುತ್ತದೆ, ಕಚೇರಿ ಕಾಯಿ ಎನ್ನುತ್ತದೆ. ಜಾಗಕ್ಕೆ ತನ್ನ ಕೆಲಸದಿಂದ ಬಿಡುವು ಸಿಕ್ಕ ದಿನ, ಗಿರಾಕಿ, ವಿದ್ಯಾರ್ಥಿ, ಅರ್ಜಿದಾರ ಎಂಬ ವೇಷಗಳಿಂದ ನಮಗೂ ಬಿಡುವು.

ಇದು ಅಂತರ್ಜಾಲ ಕಂಡುಹಿಡಿದ ಸಂಗತಿಯಲ್ಲ. 1909ರಲ್ಲೇ ಆರ್ನಲ್ಡ್ ವ್ಯಾನ್ ಗೆನೆಪ್ ಎಂಬ ಮಾನವಶಾಸ್ತ್ರಜ್ಞ ಮದುವೆ, ಸಾವು, ದೀಕ್ಷೆಗಳಂಥ ಆಚರಣೆಗಳಲ್ಲಿ ಮೂರು ಘಟ್ಟಗಳನ್ನು ಗುರುತಿಸಿದ: ಹಳೆಯದನ್ನು ಬಿಡುವುದು, ನಡುವೆ ಇರುವುದು, ಹೊಸದನ್ನು ಸೇರುವುದು. ನಮ್ಮ ಮದುಮಗಳು ಹೊಸ್ತಿಲ ಮೇಲಿನ ಅಕ್ಕಿಯ ಸೇರನ್ನು ಬಲಗಾಲಿನಿಂದ ಒದ್ದು ಒಳಗೆ ಬರುವುದನ್ನು ನೆನೆದರೆ ಸಾಕು, ಮೂರೂ ಕಣ್ಣಿಗೆ ಕಟ್ಟುತ್ತವೆ. 1960ರ ದಶಕದಲ್ಲಿ ವಿಕ್ಟರ್ ಟರ್ನರ್, ಜಾಂಬಿಯಾದ ಎನ್‌ಡೆಂಬು ಜನರ ಆಚರಣೆಗಳನ್ನು ಕಂಡವನು, ನಡುಘಟ್ಟದ ಮೇಲೆಯೇ ಗಮನವಿಟ್ಟ. ಅಲ್ಲಿರುವವರಿಗೆ ಅಂತಸ್ತು, ಆಸ್ತಿ ಯಾವುದೂ ಇಲ್ಲ. ಹಾಗಾಗಿಯೇ ಅವರ ನಡುವೆ ಗಾಢವಾದ ಸಮಾನತೆ ಮೂಡುತ್ತದೆ ಎಂದ.

ಟರ್ನರ್ ಹೇಳಿದ್ದು ನಮ್ಮ ರೈಲು ಮಾರ್ಗದಲ್ಲೇ ನಡೆಯುತ್ತಿತ್ತು. ಬೆಂಗಳೂರು–ಮೈಸೂರು ನಡುವೆ ಒಂಟಿ ಹಳಿ ಇದ್ದ ಕಾಲದಲ್ಲಿ ಕ್ರಾಸಿಂಗ್‌ಗಾಗಿ ಪ್ಯಾಸೆಂಜರ್ ರೈಲು ಎಲಿಯೂರಿನಂಥ ಸಣ್ಣ ನಿಲ್ದಾಣದಲ್ಲಿ ಸುಮ್ಮನೆ ನಿಂತುಬಿಡುತ್ತಿತ್ತು. ಯಾರೂ ಇಳಿಯಬೇಕಾದ ಊರಲ್ಲ, ಆದರೂ ಎಲ್ಲರೂ ಇಳಿಯುತ್ತಿದ್ದರು. ಗುಮಾಸ್ತರು, ತರಕಾರಿ ಮೂಟೆಯವರು, ಕಾಲೇಜು ಹುಡುಗರು ಒಂದೇ ಬೇವಿನ ನೆರಳಿನಲ್ಲಿ ನಿಂತು, ಹಳಿಯ ತುದಿ ನೋಡುತ್ತ ಮಾತಿಗಿಳಿಯುತ್ತಿದ್ದರು. ಆಮೇಲೆ ಜೋಡಿ ಹಳಿ ಬಂತು. ಅದಕ್ಕಾಗಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನ ಮನೆಯನ್ನು 2017ರಲ್ಲಿ ಇಡಿಯಾಗಿ ಪಕ್ಕಕ್ಕೆ ಸರಿಸಿದರು. ರೈಲು ಬೇಗ ಮುಟ್ಟಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಮರದಡಿಯ ಆ ಮಾತು ಹೋಯಿತು, ಅದನ್ನು ಹೇಳದೆ ಇರಲಾರೆ.

ಇನ್ನು ನನ್ನ ಆತಂಕ. ಬಿಡುವಿನಲ್ಲಿರುವ ಜಾಗ ಬೇರೆ, ಕೆಲಸ ಕಳೆದುಕೊಂಡ ಜಾಗ ಬೇರೆ. ಪ್ರದರ್ಶನದ ಮೈದಾನಕ್ಕೆ ಮುಂದಿನ ದಸರಾ ಇದೆ. ನಮ್ಮ ಮೈಸೂರಿನ 1892ರ ಲ್ಯಾನ್ಸ್‌ಡೌನ್ ಕಟ್ಟಡಕ್ಕೆ? 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು, ಅಂಗಡಿಗಳು ತೆರವಾದವು. ಹಳೆಯ ಪುಸ್ತಕಗಳಿಗಾಗಿ ತಲೆಮಾರುಗಳು ಎಡತಾಕಿದ ಕಮಾನು ಸಾಲು ಅದು. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್ ವೇ ಉದ್ಘಾಟನೆಯಾಗಿ ವಾಹನಗಳು ಬೈಪಾಸ್ ಹಿಡಿದ ಮೇಲೆ, ಮದ್ದೂರು–ಮಂಡ್ಯದ ಹಳೆಯ ಹೆದ್ದಾರಿಯನ್ನು ನಂಬಿದ್ದ ಎಷ್ಟೋ ಹೋಟೆಲುಗಳಿಗೆ ವ್ಯಾಪಾರ ಕುಸಿಯಿತು. ಅಲ್ಲಿನ ಖಾಲಿ ಮೇಜುಗಳು ಕ್ಯಾಮೆರಾಕ್ಕೆ ಬಲು ಚೆಂದ. ಆ ಖಾಲಿತನಕ್ಕೆ ಒಬ್ಬ ಮಾಲೀಕ ಸಾಲ ತೀರಿಸುತ್ತಿರಬಹುದು. ಚಿತ್ರದಲ್ಲಿ ಎರಡೂ ಬಗೆಯ ಖಾಲಿತನ ಒಂದೇ ತರಹ ಕಾಣುತ್ತದೆ.

ಇಲ್ಲಿರುವ ಛಾಯಾಗ್ರಾಹಕ ಗೆಳೆಯರಲ್ಲಿ ಅದಕ್ಕೇ ಒಂದು ಕೋರಿಕೆ. ಚಿತ್ರ ತೆಗೆಯಿರಿ, ಧಾರಾಳವಾಗಿ ತೆಗೆಯಿರಿ. ಕೆಳಗೆ ಎರಡು ಸಾಲು ಬರೆಯಿರಿ: ಇಲ್ಲಿ ಏನು ನಡೆಯುತ್ತಿತ್ತು, ಯಾವ ವರ್ಷದವರೆಗೆ, ನಡೆಸುತ್ತಿದ್ದವರು ಈಗ ಏನು ಮಾಡುತ್ತಿದ್ದಾರೆ. ಹಳೆಯ ಹೆದ್ದಾರಿಯಿಂದಲೇ ಆರಂಭಿಸಬಹುದು. ಅಲ್ಲಿ ಇದನ್ನೆಲ್ಲ ಹೇಳಬಲ್ಲವರು ಇನ್ನೂ ಇದ್ದಾರೆ.