ಬೆಳಗಿನ ಜಾವದ ಸ್ವರ, ನಾಲ್ಕೇ ಹಾಡು

ಎಲ್ಲರಿಗೂ ನಮಸ್ಕಾರ. ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆ ಕಳೆದ ಮೇಲೆ ನಮ್ಮ ಪೆರ್ಲದಲ್ಲಿ ಹತ್ತು ಜನ ಸೇರಿದರೆ ಅದು ತಾಳಮದ್ದಳೆಗೆ. ಇವತ್ತು ಇಂಡಿ ರಾಕ್ ಸಂಗೀತದ ಮಾತು ಕೇಳಲು ಬಂದಿದ್ದೀರಿ. ಮಳೆಗೆ ಸುಮ್ನೆ ಒಳಗೆ ಬಂದವರೂ ಇದ್ದೀರಿ, ಪರವಾಗಿಲ್ಲ.

ಬ್ಯಾಂಡಿನ ಹೆಸರು ರೈಟ್ಸ್ ಆಫ್ ಸ್ಪ್ರಿಂಗ್. ಊರು ಅಮೆರಿಕದ ವಾಷಿಂಗ್ಟನ್. ರೆಕಾರ್ಡು 'ಆಲ್ ಥ್ರೂ ಎ ಲೈಫ್'. 7 ಇಂಚಿನ ತಟ್ಟೆ, 4 ಹಾಡು, ಅಷ್ಟೇ. 1986ರ ಜನವರಿಯಲ್ಲಿ ಹಾಡಿ ಮುಗಿಸಿದರು. ಹೊರಗೆ ಬಂದದ್ದು 1987ರಲ್ಲಿ. ಅಷ್ಟು ಹೊತ್ತಿಗೆ ಬ್ಯಾಂಡೇ ಇರಲಿಲ್ಲ.

ನನಗೆ ಇದು ಸಿಕ್ಕಿದ್ದು ಕ್ಯಾಸೆಟ್ಟಿನಲ್ಲಿ. ಗಲ್ಫಿನಿಂದ ರಜೆಗೆ ಬಂದ ಚಿಕ್ಕಪ್ಪನ ಮಗ ಕೊಟ್ಟಿದ್ದ. ಕರೆಂಟ್ ಇರಲಿಲ್ಲ, ಹಳೇ ಸೆಲ್ ಹಾಕಿ ಕೇಳಿದೆ. ಗೈ ಪಿಚಿಯಾಟೊ ಹಾಡುತ್ತಾನೆ, ಅಲ್ಲ, ಕೂಗುತ್ತಾನೆ. ಸಾಲಿನ ತುದಿಗೆ ಬರುವಾಗ ಗಂಟಲು ಬಿರಿಯುತ್ತದೆ. ಸೆಲ್ ಮುಗಿಯಿತು ಅಂದುಕೊಂಡು ನಾನು ಅದನ್ನು ತೆಗೆದು ಉಜ್ಜಿ ಮತ್ತೆ ಹಾಕಿದೆ. ಅಡುಗೆಮನೆಯಿಂದ ಅಮ್ಮ, "ಯಾರಿಗೆ ಏನಾಯ್ತು?" ಅಂದರು. ಈ ರೆಕಾರ್ಡಿಗೆ ಅದಕ್ಕಿಂತ ಒಳ್ಳೆ ವಿಮರ್ಶೆ ನಾನು ಓದಿಲ್ಲ.

ಆ ಸ್ವರ ನಮಗೆ ಹೊಸದಲ್ಲ. ಯಕ್ಷಗಾನದಲ್ಲಿ ಹಾಡಲು ನಡುರಾತ್ರಿ ಜಾಗಟೆ ಹಿಡಿದು ಕೂತ ಭಾಗವತರ ಕಂಠ ಬೆಳಗಿನ ಜಾವಕ್ಕೆ ಸ್ವಲ್ಪ ಒಡೆಯುತ್ತದೆ, ಅಲ್ವಾ? ಏರುಪದಕ್ಕೆ ಚೆಂಡೆ ಮೇಲೆ ಬೀಳುತ್ತದೆ, ಸ್ವರ ತುಂಡಾಗುವ ಹಾಗಾಗುತ್ತದೆ, ತುಂಡಾಗುವುದಿಲ್ಲ. ತೂಕಡಿಸುತ್ತಿದ್ದವರು ಎದ್ದು ಕೂರುತ್ತಾರೆ. ಭಾಗವತರಿಗೆ ಅಲ್ಲಿಗೆ ಮುಟ್ಟಲು ರಾತ್ರಿಯೇ ಬೇಕು. ಈ ಹುಡುಗರು ಅಲ್ಲಿಂದಲೇ ಶುರು ಮಾಡುತ್ತಾರೆ. ಹಾಗೆ ಶುರು ಮಾಡಿದವನು ಎಷ್ಟು ಹೊತ್ತು ಹಾಡಿಯಾನು?

ಅದಕ್ಕೇ ನಾಲ್ಕು ಹಾಡು. ಯಕ್ಷಗಾನದಲ್ಲಿ ಕೆಲವೇ ಗಂಟೆಯ ಕಾಲಮಿತಿ ಆಟ ಬಂದಾಗ ಹಿರಿಯರು ಬೇಜಾರು ಮಾಡಿಕೊಂಡರು. ಅದು ನ್ಯಾಯವೇ, ಇಡೀ ರಾತ್ರಿಯ ಪ್ರಸಂಗವನ್ನು ಕತ್ತರಿಸಿದ್ದು ಅದು. ಈ ರೆಕಾರ್ಡಿನಲ್ಲಿ ಯಾರೂ ಏನೂ ಕತ್ತರಿಸಿಲ್ಲ. ಇದು ಹುಟ್ಟಿದ್ದೇ ಗಿಡ್ಡ.

ಇಂಡಿ ಅಂದರೆ ಏನು ಅಂತ ಆಗ ಒಬ್ಬರು ಕೇಳಿದರು. ದೊಡ್ಡ ಕಂಪನಿಯ ಹಂಗಿಲ್ಲದ್ದು. ಈ ರೆಕಾರ್ಡನ್ನು ಹೊರತಂದ ಡಿಸ್ಕಾರ್ಡ್ ಎಂಬ ಲೇಬಲ್ಲನ್ನು, ಅಂದರೆ ಪುಟ್ಟ ರೆಕಾರ್ಡ್ ಕಂಪನಿಯನ್ನು, ಇಯಾನ್ ಮೆಕೇ ಮತ್ತು ಜೆಫ್ ನೆಲ್ಸನ್ 1980ರಲ್ಲಿ ಶುರು ಮಾಡಿದ್ದು ತಮ್ಮ ಮತ್ತು ಗೆಳೆಯರ ಹಾಡು ಹೊರತರಲು. ಮೊದಮೊದಲ ರೆಕಾರ್ಡುಗಳ ಕವರನ್ನು ತಾವೇ ಕೂತು ಕತ್ತರಿಸಿ, ಮಡಚಿ, ಅಂಟಿಸುತ್ತಿದ್ದರು. ನಮ್ಮಲ್ಲಿ ರಾತ್ರಿ ಜಗುಲಿಯಲ್ಲಿ ಅಡಿಕೆ ಸುಲಿಯುವ ಹಾಗೆ, ಕೈ ಕೆಲಸ ಮಾಡುತ್ತದೆ, ಬಾಯಿ ಪಟ್ಟಾಂಗ ಹೊಡೆಯುತ್ತದೆ. ಇವರು ಹಾಡಿದ ಇನ್ನರ್ ಇಯರ್ ಸ್ಟುಡಿಯೋ ಕೂಡ ಆಗ ಡಾನ್ ಝಿಯೆಂಟಾರಾ ಎಂಬವರ ಮನೆಯ ನೆಲಮಾಳಿಗೆ.

ಈ ಬ್ಯಾಂಡಿನ ಹಾಡಿಗೆ ಜನ ಇಮೋಷನಲ್ ಅನ್ನುವುದನ್ನು ಗಿಡ್ಡ ಮಾಡಿ 'ಇಮೋ' ಅಂತ ಹೆಸರಿಟ್ಟರು. ಪಿಚಿಯಾಟೊಗೆ ಆ ಹೆಸರು ಒಗ್ಗಲಿಲ್ಲ. ನನಗೂ ಅಷ್ಟಕ್ಕಷ್ಟೇ. ಹಾಡಿನಲ್ಲಿ ಭಾವ ಇದೆ ಅನ್ನುವುದು ಸಾರಿನಲ್ಲಿ ಉಪ್ಪಿದೆ ಅಂದಹಾಗೆ. ಮುಂದೆ ಅವನೂ ಡ್ರಮ್ಮಿನ ಬ್ರೆಂಡನ್ ಕ್ಯಾಂಟಿಯೂ ಮೆಕೇ ಜೊತೆ ಫುಗಾಝಿ ಎಂಬ ಬ್ಯಾಂಡಿನಲ್ಲಿ ಸೇರಿದರು. ಅದು ದೊಡ್ಡ ಕಥೆ, ಇನ್ನೊಂದು ಮಳೆಗೆ ಇರಲಿ.

ಈಗ ಕೇಳಿಸುತ್ತೇನೆ. ಆ ಫ್ಯಾನ್ ಸ್ವಲ್ಪ ಆಫ್ ಮಾಡಿ. ಶೀಟಿನ ಮೇಲಿನ ಮಳೆ ಸದ್ದಿಗೆ ಏನೂ ಮಾಡೋಕಾಗಲ್ಲ, ಅವನು ಅದಕ್ಕಿಂತ ಜೋರಾಗಿಯೇ ಕೂಗುತ್ತಾನೆ.