ಚಿಪ್ಪಿನಲ್ಲಿ ಕಂಡ ಬೆಳ್ಳಿ

ಎಲ್ಲರಿಗೂ ನಮಸ್ಕಾರ.

ಹೋದ ತಿಂಗಳು ಮಲ್ಪೆಯ ಕಡಲ ತೀರದಲ್ಲಿ ನಡೆಯುತ್ತಿದ್ದೆ. ಇಳಿಬಿಸಿಲು. ನಾಲ್ಕು ಹೆಜ್ಜೆ ಮುಂದೆ ಮರಳಲ್ಲಿ ಒಂದು ರೂಪಾಯಿ ನಾಣ್ಯ ಮಿನುಗಿತು. ಬಗ್ಗಿ ಎತ್ತಿಕೊಂಡರೆ ಕಪ್ಪೆಚಿಪ್ಪು! ಒಳಮೈ ಹೊಳೆಯುತ್ತಿತ್ತು, ಅಷ್ಟೆ. ಯಾರಾದರೂ ನೋಡಿದರಾ ಅಂತ ಆಚೀಚೆ ಕಣ್ಣಾಡಿಸಿ, ಸುಮ್ನೆ ಜೇಬಿಗೆ ಹಾಕಿಕೊಂಡೆ.

ಆಮೇಲೆ ನಗು ಬಂತು. ನಮ್ಮ ದಾರ್ಶನಿಕರು ನೂರಾರು ವರ್ಷ ಜಗಳವಾಡಿದ್ದು ಇದೇ ಉದಾಹರಣೆ ಇಟ್ಟುಕೊಂಡು. ಶುಕ್ತಿ-ರಜತ, ಅಂದರೆ ಚಿಪ್ಪಿನಲ್ಲಿ ಬೆಳ್ಳಿ ಕಾಣುವುದು. ಹಗ್ಗ-ಹಾವಿನ ಕಥೆ ಎಲ್ಲರಿಗೂ ಗೊತ್ತು. ಚಿಪ್ಪಿನದು ಅಷ್ಟು ಗೊತ್ತಿಲ್ಲ. ಪ್ರಶ್ನೆ ಇಷ್ಟೇ: ಬಗ್ಗುವ ಮೊದಲು ನನಗೆ ಕಂಡಿದ್ದು ಏನು? ಚಿಪ್ಪಾ? ಚಿಪ್ಪು ಅಂತ ಕಂಡಿದ್ದರೆ ಬಗ್ಗುತ್ತಲೇ ಇರಲಿಲ್ಲ. ನಾಣ್ಯವಾ? ಅಲ್ಲಿ ನಾಣ್ಯವೇ ಇರಲಿಲ್ಲ.

ವೇದವಾಕ್ಯಗಳ ಅರ್ಥ ವಿಚಾರಿಸುವ ಮೀಮಾಂಸಾ ದರ್ಶನದ ಪ್ರಭಾಕರನ ಉತ್ತರ ನನಗೆ ತುಂಬ ಇಷ್ಟ. ತಪ್ಪು ತಿಳಿವಳಿಕೆ ಅಂತ ಒಂದು ಇಲ್ಲವೇ ಇಲ್ಲ ಅನ್ನುತ್ತಾನೆ ಆತ. 'ಅಲ್ಲೇನೋ ಹೊಳೆಯುತ್ತಿದೆ' ಅನ್ನುವುದು ಕಣ್ಣು ಕೊಟ್ಟ ತಿಳಿವಳಿಕೆ, ಅದು ಸರಿ. 'ಬೆಳ್ಳಿ' ಅನ್ನುವುದು ನೆನಪು ಕೊಟ್ಟಿದ್ದು, ಅದೂ ಸರಿ. ಇವೆರಡೂ ಬೇರೆ ಬೇರೆ ಅನ್ನುವುದು ಆ ಕ್ಷಣಕ್ಕೆ ಗಮನಕ್ಕೆ ಬರಲಿಲ್ಲ. ಎಡವಟ್ಟಾಗಿದ್ದು ಅಲ್ಲಿ. ಚೆನ್ನಾಗಿದೆ ಅಲ್ವಾ? ನೈಯಾಯಿಕರು, ಅಂದರೆ ತರ್ಕಕ್ಕೆ ಹೆಸರಾದ ನ್ಯಾಯ ದರ್ಶನದವರು, ಮಾತ್ರ ಒಪ್ಪುವುದಿಲ್ಲ. ಬರೀ ಗಮನಿಸದೆ ಇದ್ದದ್ದಕ್ಕೆ ಮನುಷ್ಯ ಬಗ್ಗಿ ಕೈ ಚಾಚುತ್ತಾನಾ? 'ಇದು ಬೆಳ್ಳಿ' ಅಂತ ಒಂದೇ ಗಟ್ಟಿ ತಿಳಿವಳಿಕೆ ಬಂದಿದ್ದರಿಂದಲೇ ಅವನು ಬಗ್ಗಿದ್ದು. ಬೇರೆಲ್ಲೋ ಇರುವ ಬೆಳ್ಳಿ ಇಲ್ಲಿ ಇರುವ ಹಾಗೆ ಕಂಡಿದೆ ಅನ್ನುತ್ತಾರೆ ಅವರು. ನನ್ನ ಬೆನ್ನು ನೈಯಾಯಿಕರ ಪರ ಸಾಕ್ಷಿ ಹೇಳುತ್ತದೆ.

ಅದ್ವೈತಿಗಳು ಇನ್ನೊಂದು ದಾರಿ ಹಿಡಿದರು. ಆ ಬೆಳ್ಳಿ ನಿಜವಲ್ಲ, ಯಾಕೆಂದರೆ ಆಮೇಲೆ ಮಾಯವಾಯಿತು. ಪೂರ್ತಿ ಸುಳ್ಳೂ ಅಲ್ಲ, ಯಾಕೆಂದರೆ ಕಣ್ಣಿಗೆ ಕಂಡಿತ್ತು. ಹಾಗಾಗಿ ಅದು ಅನಿರ್ವಚನೀಯ, ಅಂದರೆ ಇದೆ ಅಂತಲೂ ಇಲ್ಲ ಅಂತಲೂ ಹೇಳಲಾಗದ್ದು. 13ನೇ ಶತಮಾನದಲ್ಲಿ, ಇದೇ ಮಲ್ಪೆಗೆ ಹತ್ತಿರದ ಉಡುಪಿಯಲ್ಲಿ, ಮಧ್ವಾಚಾರ್ಯರು ಇದನ್ನು ನೇರವಾಗಿ ತಳ್ಳಿಹಾಕಿದರು. ಇಲ್ಲದ್ದು ಇಲ್ಲದ್ದೇ. ಆದರೆ ಇಲ್ಲದ್ದೂ ಇದ್ದ ಹಾಗೆ ಕಾಣಬಲ್ಲದು, ಭ್ರಮೆ ಅಂದರೆ ಅದೇ. ಅದಕ್ಕೊಂದು ಮೂರನೇ ಜಾತಿ ಯಾಕೆ?

ಸರಿ, ಒಂದು ಸಲ ಮೋಸ ಹೋದ ಕಣ್ಣನ್ನು ಮತ್ತೆ ನಂಬುವುದು ಹೇಗೆ? ಬಗ್ಗಿ ನೋಡಿ ಚಿಪ್ಪು ಅಂದುಕೊಂಡೆನಲ್ಲ, ಅದೂ ಕಣ್ಣೇ ಹೇಳಿದ್ದು. ಬೌದ್ಧ ದಾರ್ಶನಿಕ ನಾಗಾರ್ಜುನ ಇಲ್ಲೇ ಕೈ ಇಟ್ಟ. ವಸ್ತುಗಳನ್ನು ಪ್ರಮಾಣಗಳಿಂದ, ಅಂದರೆ ನೋಡುವುದು, ಊಹಿಸುವುದು ಮುಂತಾದ ತಿಳಿಯುವ ದಾರಿಗಳಿಂದ, ತಿಳಿಯುತ್ತೀರಿ, ಆ ಪ್ರಮಾಣಗಳನ್ನು ಯಾವುದರಿಂದ? ಇನ್ನೊಂದು ಪ್ರಮಾಣದಿಂದ ಅಂದರೆ ಅದಕ್ಕೆ ಮತ್ತೊಂದು ಬೇಕು. ಮುಗಿಯುವುದೇ ಇಲ್ಲ.

ಇದಕ್ಕೆ ನ್ಯಾಯಸೂತ್ರಗಳಲ್ಲಿ ತಕ್ಕಡಿಯ ಒಂದು ಮಾತಿದೆ. ಅಕ್ಕಸಾಲಿಗನ ಅಂಗಡಿ ನೆನಪಿಸಿಕೊಳ್ಳಿ. ತಕ್ಕಡಿಯಲ್ಲಿ ಚಿನ್ನ ತೂಗುತ್ತೇವೆ. ತಕ್ಕಡಿಯ ಮೇಲೆ ಅನುಮಾನ ಬಂದರೆ? ತೂಕ ಗೊತ್ತಿರುವ ಚಿನ್ನದ ತುಂಡು ಇಟ್ಟು ತಕ್ಕಡಿಯನ್ನೇ ಪರೀಕ್ಷೆ ಮಾಡುತ್ತೇವೆ. ಅಳೆಯುವುದು ಅಳೆಸಿಕೊಳ್ಳಲೂಬಹುದು. ಆದರೆ ದಿನಾ ಅಂಗಡಿ ತೆರೆದ ಕೂಡಲೇ ಯಾರೂ ಹಾಗೆ ಮಾಡುತ್ತಾ ಕೂರುವುದಿಲ್ಲ, ಅನುಮಾನ ಬಂದಾಗ ಮಾತ್ರ.

ಮಧ್ವರು ಈ ಸರಪಳಿಯನ್ನು ಇನ್ನೊಂದು ಕಡೆ ನಿಲ್ಲಿಸಿದರು. ನಮ್ಮೊಳಗೆ ಸಾಕ್ಷಿ ಅಂತ ಒಂದಿದೆ, ಕೊನೆಯ ತೀರ್ಮಾನ ಅದರದ್ದು. ಕಾಲಿಗೆ ಮುಳ್ಳು ಚುಚ್ಚಿದೆ ಅನ್ನಿ. ಅದು ಮುಳ್ಳೋ ಗಾಜೋ ಅಂತ ಅನುಮಾನ ಬರಬಹುದು. 'ನನಗೆ ನೋವಾಗುತ್ತಿದೆಯೋ ಇಲ್ಲವೋ' ಅಂತ ಯಾರಾದರೂ ಅನುಮಾನಪಟ್ಟಿದ್ದುಂಟಾ? ಆ ಅನುಮಾನವಿಲ್ಲದ ಅರಿವೇ ಸಾಕ್ಷಿಯದ್ದು. ನೋವಿನ ಮಟ್ಟಿಗೆ ನಾನು ಒಪ್ಪುತ್ತೇನೆ. ಕಣ್ಣು, ಕಿವಿ ಹೇಳಿದ್ದಕ್ಕೂ ಅದೇ ಸಾಕ್ಷಿ ಮುದ್ರೆ ಒತ್ತುತ್ತದೆ ಅನ್ನುವಲ್ಲಿ ಸ್ವಲ್ಪ ತಡವರಿಸುತ್ತೇನೆ.

ಇನ್ನು ಸಂದೇಹವಾದಿಗಳ ಮಾತು. ಇದು ಮಜವಾದ ಜಗಳ. ಉದಯನ ಎಂಬ ನೈಯಾಯಿಕ ಒಂದು ಶ್ಲೋಕದಲ್ಲಿ ಹೇಳಿದ: ಸಂದೇಹಕ್ಕೂ ಒಂದು ಗಡಿ ಇದೆ, ನಿನ್ನ ನಡತೆಗೇ ಅದು ಅಡ್ಡ ಬಂದಾಗ ಸಂದೇಹ ನಿಲ್ಲಬೇಕು. 12ನೇ ಶತಮಾನದ ಅದ್ವೈತಿ ಶ್ರೀಹರ್ಷ ಅದೇ ಶ್ಲೋಕವನ್ನು ಎತ್ತಿಕೊಂಡು, ಒಂದೆರಡು ಪದ ಬದಲಿಸಿ, ನೈಯಾಯಿಕರಿಗೇ ತಿರುಗಿಸಿದ: ಅಡ್ಡ ಬರುತ್ತಿದೆ ಅನ್ನಬೇಕಾದರೇ ಅಲ್ಲಿ ಸಂದೇಹ ಇರಬೇಕು, ಮತ್ತೆ ಅದು ನಿಂತಿದ್ದೆಲ್ಲಿ? ಎಂಥ ಕಿಲಾಡಿ ನೋಡಿ. ಮುಂದೆ ಮಿಥಿಲೆಯ ನೈಯಾಯಿಕ ಗಂಗೇಶ ಉತ್ತರ ಕೊಟ್ಟ. ಹೊಗೆ ಬೇಕಾದಾಗ ಬೆಂಕಿ ಹಚ್ಚುತ್ತೀಯ. ಹೊಟ್ಟೆ ತುಂಬಬೇಕಾದಾಗ ಊಟಕ್ಕೆ ಕೂರುತ್ತೀಯ. ಬೇರೆಯವರಿಗೆ ಅರ್ಥವಾಗಲಿ ಅಂತ ಮಾತಾಡುತ್ತೀಯ. ಬಾಯಲ್ಲಿ ಸಂದೇಹ, ಕೈಯಲ್ಲಿ ತುತ್ತು!

ಬರೀ 'ಹೀಗೂ ಇರಬಹುದಲ್ಲ' ಅನ್ನುವುದನ್ನು ನ್ಯಾಯದವರು ಸಂದೇಹ ಅಂತ ಲೆಕ್ಕಕ್ಕೇ ಇಡುವುದಿಲ್ಲ. ಮಬ್ಬಿನಲ್ಲಿ ಎತ್ತರದ ಆಕಾರ ಕಂಡು, ಕಂಬವೋ ಮನುಷ್ಯನೋ ಅನ್ನಿಸಬೇಕು, ಅದು ಸಂದೇಹ. ಸಂದೇಹಕ್ಕೂ ಕಾರಣ ಬೇಕು. ವಾಟ್ಸಾಪಿನಲ್ಲಿ ಬಂದ ಫೋಟೋ ನೋಡುವಾಗ ನನಗೆ ಇದು ನೆನಪಾಗುತ್ತದೆ. ಎಲ್ಲವನ್ನೂ ನಂಬುವವರಿದ್ದಾರೆ, 'ಎಲ್ಲಾ ಸುಳ್ಳೇ ಬಿಡಿ' ಅನ್ನುವವರೂ ಇದ್ದಾರೆ. ಇಬ್ಬರೂ ಫೋಟೋವನ್ನು ಸರಿಯಾಗಿ ನೋಡಿರುವುದಿಲ್ಲ.

ಕೊನೆಗೆ ಜಯರಾಶಿ ಭಟ್ಟ, ಸಂದೇಹವಾದಿಗಳಲ್ಲೇ ಕಟ್ಟಾ ಸಂದೇಹವಾದಿ. ಆತನ 'ತತ್ತ್ವೋಪಪ್ಲವಸಿಂಹ'ದ ಹಸ್ತಪ್ರತಿ 1926ರಲ್ಲಿ ಗುಜರಾತಿನ ಪಾಟಣದಲ್ಲಿ ಸಿಕ್ಕಿತು. 1940ರಲ್ಲಿ ಬರೋಡಾದಿಂದ ಅಚ್ಚಾಯಿತು. ಪ್ರತ್ಯಕ್ಷ (ಕಂಡಿದ್ದು), ಅನುಮಾನ (ಇಲ್ಲಿ ಸಂದೇಹವಲ್ಲ, ತರ್ಕದಿಂದ ಊಹಿಸಿದ್ದು), ಶಬ್ದ (ನಂಬಬಹುದಾದವರ ಮಾತು), ಒಂದನ್ನೂ ಬಿಡದೆ ಎಲ್ಲಾ ಪ್ರಮಾಣಗಳನ್ನೂ ಉರುಳಿಸುತ್ತಾನೆ. ಉರುಳಿಸಿ ಅಳುವುದಿಲ್ಲ. ತತ್ತ್ವಗಳೆಲ್ಲ ಬಿದ್ದುಹೋದ ಮೇಲೆ, ವಿಚಾರ ಮಾಡದೆ ಚೆಂದವಾಗಿರುವ ದಿನದ ವ್ಯವಹಾರಗಳೆಲ್ಲ ಹಾಗೇ ನಡೆದುಕೊಂಡು ಹೋಗುತ್ತವೆ ಅನ್ನುತ್ತಾನೆ. ಗಂಗೇಶನಿಗಿಂತ ಎಷ್ಟೋ ಶತಮಾನ ಹಿಂದಿನವನು ಈತ. ಇಬ್ಬರೂ ಎದುರುಬದುರು ಕೂತಿದ್ದರೆ, 'ಮತ್ತೆ ಊಟ ಯಾಕೆ ಮಾಡುತ್ತೀಯ' ಅಂತ ಗಂಗೇಶ ಕೇಳುತ್ತಿದ್ದ. ಜಯರಾಶಿ ಇನ್ನೊಂದು ತುತ್ತು ಬಾಯಿಗಿಟ್ಟುಕೊಂಡು, 'ಊಟ ಬೇಡ ಅಂತ ನಾನೆಲ್ಲಿ ಹೇಳಿದೆ ಮಾರಾಯ' ಅನ್ನುತ್ತಿದ್ದನೋ ಏನೋ.